ನೆಲ ನೋಡಿ ಕುದುರೆ ಹತ್ತಿ: ಪೋರ್ಚುಗಲ್ ಹಳ್ಳಿಗಾಡಿನ ಸವಾರಿಗೆ ಹೋಗುವವರಿಗೆ

ನಮ್ಮ ಪೆರ್ಲ ಕಡೆಯ ಹುಡುಗರು ಮೊದಲು ಗಲ್ಫಿಗೆ ಮಾತ್ರ ಹೋಗುತ್ತಿದ್ದರು. ಈಗ ಒಬ್ಬಿಬ್ಬರು ಪೋರ್ಚುಗಲ್ ದಾರಿಯನ್ನೂ ಹಿಡಿದಿದ್ದಾರೆ. ಹೋದ ತಿಂಗಳು ಅಕ್ಕನ ಮಗ ವೀಸಾ ಕಾಗದ ಹಿಡಿದುಕೊಂಡು ಬಂದ. "ಮಾವ, ಕೆಲಸದ ವಿಷಯ ಆಮೇಲೆ ಕೇಳುತ್ತೇನೆ. ನೀವು ಅಲ್ಲಿ ಕುದುರೆ ಹತ್ತುತ್ತಿದ್ದಿರಲ್ಲ, ನನಗೂ ಅದನ್ನು ಮೊದಲು ಹೇಳಿಕೊಡಿ" ಎಂದ. ಅವನಿಗೆ ಮೂರು ಸಂಜೆ ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೆಲಸಕ್ಕೆ ಹೋಗುವವರಿಗೂ ಆಯಿತು, ಹತ್ತು ದಿನ ಊರು ನೋಡಲು ಹೋಗುವವರಿಗೂ ಆಯಿತು.

ನಾನು ಅಲ್ಲಿ ಏಳು ವರ್ಷ ಇದ್ದೆ. ಮೊದಲ ವರ್ಷ ಒಡೆಮಿರಾದಲ್ಲಿ, ಪ್ಲಾಸ್ಟಿಕ್ ಚಪ್ಪರದ ಕೆಳಗೆ ರಾಸ್ಪ್‌ಬೆರಿ ಕೊಯ್ಯುವ ಕೆಲಸ. ಆಮೇಲೆ ಕೊರೂಶ್ ಎಂಬ ಊರಿನ ಹತ್ತಿರ ಒಂದು ಕುದುರೆ ಲಾಯದಲ್ಲಿ ಆರು ವರ್ಷ. ಅಲ್ಲಿ ಕುದುರೆ ಪಳಗಿಸುವ ಹಿರಿಯರನ್ನು 'ಮೆಸ್ತ್ರೆ' ಎನ್ನುತ್ತಾರೆ. ನಮ್ಮ 'ಮೇಸ್ತ್ರಿ' ಬಂದದ್ದು ಆ ಪದದಿಂದಲೇ. ಬಾಲ್ದಿಗೆ ಬಾಲ್ದೆ, ಚಾವಿಗೆ ಶಾವೆ, ಜನೇಲಿಗೆ ಜನೇಲ, ಬಟಾಟೆಗೆ ಬತಾತ. ಮೊದಲ ದಿನ ಅವರು 'ಬಾಲ್ದೆ' ತಾ ಎಂದಾಗ ಯಾರೂ ತೋರಿಸಿಕೊಡದೆ ನಾನು ಸೀದಾ ಹೋಗಿ ಬಾಲ್ದಿ ತಂದುಕೊಟ್ಟಿದ್ದೆ. ಹಾಗಾಗಿ ನನ್ನ ಗುರುಗಳನ್ನು ಇಲ್ಲಿಯೂ ಮೇಸ್ತ್ರಿ ಎಂದೇ ಕರೆಯುತ್ತೇನೆ. ಅವರು ಮೊದಲು ಕಲಿಸಿದ್ದು ಕುದುರೆ ಹತ್ತುವುದನ್ನಲ್ಲ. "ಈ ಕುದುರೆ ಯಾವ ನೆಲದ್ದು, ಮೊದಲು ಅದನ್ನು ತಿಳಿದುಕೋ" ಎಂದು ಹೇಳಿದರು. ನನ್ನ ಮಟ್ಟಿಗೆ ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ.

ನೆಲ ತಿದ್ದಿದ ಕುದುರೆಗಳು

ನಮ್ಮ ಕಾಸರಗೋಡು ಗಿಡ್ಡ ಹಸು ಗೊತ್ತಲ್ವಾ? ಬೆಳಿಗ್ಗೆ ಬಿಟ್ಟರೆ ಗುಡ್ಡ ಹತ್ತಿ, ಮುರಕಲ್ಲಿನ ಸಂದಿಯಲ್ಲಿ ಸಿಕ್ಕಿದ ಹುಲ್ಲು ಮೇದು, ಸಂಜೆ ತಾನೇ ಹಟ್ಟಿಗೆ ಬರುತ್ತದೆ. ಇಲ್ಲಿನ ಮಳೆ, ಇಲ್ಲಿನ ಬಡ ಹುಲ್ಲು, ಇಲ್ಲಿನ ಏರು ಸೇರಿ ಅದನ್ನು ಗಿಡ್ಡ ಮಾಡಿವೆ, ಗಟ್ಟಿಯನ್ನೂ ಮಾಡಿವೆ. ಪೋರ್ಚುಗಲ್‌ನ ನಾಲ್ಕು ನಾಡ ತಳಿಗಳನ್ನೂ ಹೀಗೆಯೇ ನೋಡಬೇಕು.

ಉತ್ತರದ ಮಿನ್ಯೊ ಸೀಮೆಯ ಗುಡ್ಡದ ಕುದುರೆ ಗರ್ರಾನೊ. ಎತ್ತರ ಸುಮಾರು 1.30 ಮೀಟರ್, ಬಣ್ಣ ಕಂದು, ಜೂಲು ದಟ್ಟ. ಪೆನೆಡಾ-ಜೆರೆಸ್ ಎಂಬಲ್ಲಿ 1971ರಲ್ಲಿ ಆದ ರಾಷ್ಟ್ರೀಯ ಉದ್ಯಾನ ಇದೆ, ಆ ದೇಶಕ್ಕೆ ಇರುವುದು ಅದೊಂದೇ. ಅಲ್ಲಿನ ಬೆಟ್ಟದಲ್ಲಿ ಗರ್ರಾನೊ ಹಿಂಡುಗಳು ಕಾಡುಪ್ರಾಣಿಗಳ ಹಾಗೆ ತಿರುಗಾಡುತ್ತವೆ. ತೋಳ ಅವುಗಳ ಮರಿ ಹಿಡಿಯುತ್ತದೆ. ಆದರೂ ಹೆಚ್ಚಿನವುಗಳಿಗೆ ಊರಿನಲ್ಲಿ ಯಜಮಾನರು ಇದ್ದಾರೆ, ನಮ್ಮ ಗುಡ್ಡಕ್ಕೆ ಬಿಟ್ಟ ಹಸುಗಳ ಹಾಗೆ. ಕೆಲವಕ್ಕೆ ನಾಲ್ಕು ಕಾಲನ್ನೂ ಒಂದೊಂದಾಗಿ ಬೇಗ ಬೇಗ ಇಡುವ ಒಂದು ನಡಿಗೆ ಇದೆ. ಕೂತವರ ಸೊಂಟಕ್ಕೆ ಕುಲುಕೇ ಗೊತ್ತಾಗುವುದಿಲ್ಲ. ಆ ನಡಿಗೆಯ ಪಂದ್ಯವನ್ನೇ ಮಿನ್ಯೊ ಜಾತ್ರೆಗಳಲ್ಲಿ ಇಡುತ್ತಾರೆ. ಗರ್ರಾನೊ ಮೇಲೆ ಕೂತರೆ ದಾರಿಯನ್ನು ಅದಕ್ಕೇ ಬಿಡಿ. ಕಲ್ಲು ಎಲ್ಲಿದೆ, ಕಾಲು ಎಲ್ಲಿ ಇಡಬೇಕು ಎಂಬುದು ನಮಗಿಂತ ಅದಕ್ಕೆ ಚೆನ್ನಾಗಿ ಗೊತ್ತು.

ನಾನಿದ್ದ ಕೊರೂಶ್ ಪಕ್ಕ ಹರಿಯುವ ಹೊಳೆ ಸೊರ್ರಾಯ. ಕುದುರೆಗೂ ಅದೇ ಹೆಸರು. 1920ರಲ್ಲಿ ರುಯ್ ದ ಆಂದ್ರಾದೆ ಎಂಬ ಕುದುರೆ ತಜ್ಞರು ಈ ಕಡೆ ಬೇಟೆಗೆ ಬಂದಾಗ ಇಲಿಬಣ್ಣದ ಒಂದು ಹಿಂಡನ್ನು ಕಂಡರು. ಮುಂದೆ 1937ರಲ್ಲಿ ಕೆಲವೇ ಕುದುರೆಗಳನ್ನು ಇಟ್ಟುಕೊಂಡು ತಳಿ ಉಳಿಸುವ ಕೆಲಸಕ್ಕೆ ಕೈ ಹಾಕಿದರು. ಇಂದಿನ ಸೊರ್ರಾಯಗಳೆಲ್ಲ ಆ ಬೆರಳೆಣಿಕೆಯ ಕುದುರೆಗಳ ವಂಶ. ಹಾಗಾಗಿ ತಳಿ ಇವತ್ತಿಗೂ ಅಪಾಯದಲ್ಲೇ ಇದೆ. ಬೂದು ಅಥವಾ ಮಾಸಲು ಹಳದಿ ಮೈ, ಕುತ್ತಿಗೆಯಿಂದ ಬಾಲದವರೆಗೆ ಬೆನ್ನ ಮೇಲೆ ಒಂದು ಕಪ್ಪು ಗೆರೆ, ಕಾಲಿನಲ್ಲಿ ಪಟ್ಟೆ. ಬೆಳಗಿನ ಮಂಜಿನಲ್ಲಿ ಹೊಳೆಬದಿಯಲ್ಲಿ ನಿಂತರೆ ಮೈ ಕಾಣುವುದಿಲ್ಲ, ಆ ಗೆರೆ ಮಾತ್ರ ಕಾಣುತ್ತದೆ. ಸವಾರಿಗೆ ಇದು ಸಿಗುವುದು ಕಷ್ಟ. ಸಿಗಲೇಬೇಕು ಎಂದು ಹಟ ಮಾಡಬೇಡಿ, ನೋಡಿ ಬನ್ನಿ. ಇಷ್ಟು ಕಡಿಮೆ ಉಳಿದಿರುವ ತಳಿಯನ್ನು ಕಣ್ಣಿಂದ ನೋಡುವುದೇ ಒಂದು ಭಾಗ್ಯ.

ನಿಮಗೆ ಹೆಚ್ಚಾಗಿ ಸಿಗುವುದು ಲುಸಿತಾನೊ ಅಥವಾ ಅದರ ಮಿಶ್ರತಳಿ. ತೇಜೊ ನದಿಯ ನೆರೆಬಯಲು ಇದರ ಸೀಮೆ. ಅಲ್ಲಿ ಗೂಳಿ ಕಾಯುವವರಿಗೆ ಕಂಪಿನೊ ಎನ್ನುತ್ತಾರೆ. ಹಸಿರು ಟೊಪ್ಪಿ, ಕೆಂಪು ವೇಸ್ಟ್‌ಕೋಟು, ಕೈಯಲ್ಲಿ ಉದ್ದದ ಕೋಲು. ಒಂದು ಕೈಗೆ ಕೋಲು ಹೋದ ಮೇಲೆ ಲಗಾಮಿಗೆ ಉಳಿಯುವುದು ಒಂದೇ ಕೈ ಅಲ್ವಾ? ಗೂಳಿ ತಿರುಗಿ ಬಿದ್ದರೆ ಕುದುರೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಪಕ್ಕಕ್ಕೆ ಸರಿಯಬೇಕು. ಆ ಕೆಲಸ ಲುಸಿತಾನೊ ಮೈಯಲ್ಲಿ ಕೂತಿದೆ. ಗಿಡ್ಡ ಬೆನ್ನು, ಬಿಲ್ಲಿನ ಹಾಗೆ ಬಾಗಿದ ದಪ್ಪ ಕುತ್ತಿಗೆ, ಸ್ವಲ್ಪ ಉಬ್ಬಿದ ಮೂಗು, ಬಲವಾದ ಹಿಂಭಾಗ. ಎತ್ತರ ಸುಮಾರು 1.60 ಮೀಟರ್, ತೂಕ 500 ಕಿಲೋ ಆಸುಪಾಸು. 1748ರಲ್ಲಿ ಐದನೇ ಜುವಾಂವ್ ರಾಜನ ಕಾಲದಲ್ಲಿ ಆಲ್ತೆರ್ ದೊ ಶಾಂವ್ ಎಂಬಲ್ಲಿ ಶುರುವಾದ ಅರಮನೆ ಲಾಯ ಇವತ್ತಿಗೂ ಇದೇ ತಳಿಯ ಕಂದು ಕುದುರೆಗಳನ್ನು ಸಾಕುತ್ತಿದೆ. ಪೋರ್ಚುಗಲ್‌ನ ಕುದುರೆ ಸವಾರಿ ಕಲೆಗೆ 2024ರಲ್ಲಿ ಯುನೆಸ್ಕೊ ಮನ್ನಣೆಯೂ ಸಿಕ್ಕಿತು.

ಇಷ್ಟೆಲ್ಲ ಹೇಳಿದ್ದು ಒಂದೇ ಕಾರಣಕ್ಕೆ. ಲುಸಿತಾನೊ ನಿಮ್ಮ ಮೈಯ ಸಣ್ಣ ಅಲುಗಾಟವನ್ನೂ ಮಾತು ಎಂದೇ ತಿಳಿಯುತ್ತದೆ. ನೀವು ಸುಮ್ನೆ ಎಡಕ್ಕೆ ತಿರುಗಿ ಕೊಕ್ಕರೆ ನೋಡಿದರೂ ಅದು ಎಡಕ್ಕೆ ಹೋಗಬಹುದು. ಗೂಳಿಯ ಮುಂದೆ ಕೆಲಸ ಮಾಡಲು ಹುಟ್ಟಿದ ಕುದುರೆಗೆ ಅಷ್ಟು ಕಿವಿ ಬೇಕೇ ಬೇಕು.

ನಾಲ್ಕನೆಯದು ತೆರ್ಸೈರಾ ದ್ವೀಪದ ಪೋನಿ. ಅದನ್ನು ಬೇರೆ ತಳಿ ಎಂದು ಒಪ್ಪಿದ್ದು 2014ರಲ್ಲಿ. ಪುಟ್ಟ ಲುಸಿತಾನೊ ಹಾಗಿದೆ, ಮಕ್ಕಳ ಸವಾರಿಗೆ ಚಂದ. ದೊಡ್ಡವರಿಗೆ ಬೇಡ.

ಹೊರಡುವ ಮೊದಲು, ಊರಿನಲ್ಲೇ

ಕುದುರೆ ಇಲ್ಲದೆ ಏನು ಕಲಿಯುವುದು ಎನ್ನಬೇಡಿ. ಅಕ್ಕನ ಮಗನಿಗೆ ನಾನು ಮಾಡಿಸಿದ್ದು ಇದು. ಅಂಗಳದಲ್ಲಿ ಎರಡು ಕಲ್ಲುಕಂಬದ ಮೇಲೆ ಅಡಿಕೆ ಮರದ ಒಂದು ತುಂಡನ್ನು ಅಡ್ಡ ಇಟ್ಟು ಗಟ್ಟಿಯಾಗಿ ಕಟ್ಟಿದೆ. ಮೇಲೆ ಗೋಣಿಚೀಲ ಮಡಚಿ ಹಾಕಿದೆ. ಅವನು ಅದರ ಮೇಲೆ ಕಾಲು ಇಳಿಬಿಟ್ಟು ದಿನಾ ಹತ್ತು ನಿಮಿಷ ಕೂರಬೇಕು. ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿ ಇರಬೇಕು. ಕುರ್ಚಿಯಲ್ಲಿ ಕೂತ ಹಾಗೆ ಕಾಲು ಮುಂದೆ ಹೋದರೆ ಕುದುರೆ ಹೆಜ್ಜೆ ಎತ್ತಿದ ಕೂಡಲೇ ನೀವು ಹಿಂದಕ್ಕೆ ವಾಲುತ್ತೀರಿ. ಎರಡನೇ ದಿನಕ್ಕೆ ಅವನ ತೊಡೆಯ ಒಳಭಾಗ ನೋಯತೊಡಗಿತು. ಆ ನೋವನ್ನು ಇಲ್ಲೇ ಮುಗಿಸಿಕೊಂಡು ಹೋಗುವುದು ಒಳ್ಳೆಯದು.

ಕೈಗೆ ಪಾಠ ನಮ್ಮ ಬಾವಿಕಟ್ಟೆಯಲ್ಲಿದೆ. ರಾಟೆಯಿಂದ ತುಂಬಿದ ಕೊಡಪಾನ ಎಳೆಯುವಾಗ ಹಗ್ಗ ಸಡಿಲ ಬಿಟ್ಟರೆ ಕೊಡಪಾನ ಓಲಾಡಿ ಬಾವಿಕಲ್ಲಿಗೆ ಬಡಿಯುತ್ತದೆ. ಜಗ್ಗಿದರೆ ನೀರು ಚೆಲ್ಲುತ್ತದೆ. ಅಮ್ಮ ಎಳೆಯುವುದನ್ನು ನೋಡಿ. ಹಗ್ಗ ಸದಾ ಬಿಗಿ, ಆದರೆ ಕೈ ಮೆತ್ತಗೆ. ಲಗಾಮು ಹಿಡಿಯುವ ಕೈ ಅದೇ. ಆ ಕಡೆ ತುದಿಯಲ್ಲಿ ಇರುವುದು ಕೊಡಪಾನ ಅಲ್ಲ, ಒಂದು ಜೀವದ ಬಾಯಿ, ಅಷ್ಟೇ ವ್ಯತ್ಯಾಸ.

ಸಾಮಾನು ಜಾಸ್ತಿ ಏನೂ ಬೇಡ. ಉದ್ದ ಪ್ಯಾಂಟು, ಒಳಗೆ ದಪ್ಪ ಹೊಲಿಗೆ ಇಲ್ಲದ್ದು. ಸ್ವಲ್ಪ ಹಿಮ್ಮಡಿ ಇರುವ ಶೂ, ರಿಕಾಪಿನೊಳಗೆ (ಜೀನಿನಿಂದ ನೇತಾಡುವ, ಕಾಲಿಡುವ ಬಳೆ) ಪಾದ ಪೂರ್ತಿ ಜಾರಬಾರದು ಎಂಬುದಕ್ಕೆ. ಚಪ್ಪಲಿ ಖಂಡಿತ ಬೇಡ. ಹೆಲ್ಮೆಟ್ ಲಾಯದವರು ಕೊಡುತ್ತಾರೆ. ಕೊಡದಿದ್ದರೆ ಆ ಲಾಯವೇ ಬೇಡ.

ಲಾಯದಲ್ಲಿ ಕೇಳಬೇಕಾದ್ದು

ನಾಚಿಕೆ ಬಿಟ್ಟು ನಿಜ ಹೇಳಿ. "ಪ್ರಿಮೈರ ವೇಶ್" ಎಂದರೆ ಮೊದಲನೇ ಸಲ. ಎರಡು ಸಲ ಊಟಿಯಲ್ಲಿ ಕೂತಿದ್ದೇನೆ ಎಂಬುದನ್ನು ಅನುಭವ ಎಂದು ಹೇಳಬೇಡಿ, ಅವರು ನಂಬಿ ಚುರುಕು ಕುದುರೆ ಕೊಟ್ಟಾರು. ನಿಮ್ಮ ತೂಕವನ್ನೂ ಹೇಳಿ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದರಲ್ಲಿ ಒಂದು ಪಾಲು ಮೀರಬಾರದು ಎಂಬುದು ಕುದುರೆ ಸಾಕುವವರ ರೂಢಿಯ ಲೆಕ್ಕ. 500 ಕಿಲೋ ಲುಸಿತಾನೊಗೆ 100 ಕಿಲೋ. 250 ಕಿಲೋ ಇರುವ ಚಿಕ್ಕ ಕುದುರೆಗೆ ಐವತ್ತೇ. ಗರ್ರಾನೊ ಮುದ್ದಾಗಿದೆ ಎಂದು ದೊಡ್ಡ ಆಳು ಏರಿ ಕೂರುವುದು ನನಗೆ ನೋಡಲಾಗದ ಸಂಗತಿ.

ಕುದುರೆಯನ್ನೂ ನೋಡಿ. ಪಕ್ಕೆಲುಬು ಎದ್ದು ಕಾಣುತ್ತಿದ್ದರೆ, ಬೆನ್ನಿನಲ್ಲಿ ಹುಣ್ಣಿದ್ದರೆ, ಜೀನು ತಂದ ಕೂಡಲೇ ಕಿವಿ ಹಿಂದಕ್ಕೆ ಒತ್ತಿ ಕಚ್ಚಲು ಬರುತ್ತಿದ್ದರೆ ನಮಸ್ಕಾರ ಹೇಳಿ ಹೊರಟುಬಿಡಿ. ನಾನೊಮ್ಮೆ ಸಮುದ್ರದ ಕಡೆಯ ಒಂದು ಜಾಗದಲ್ಲಿ ಮುಂಗಡ ದುಡ್ಡು ಕೊಟ್ಟಿದ್ದೆ. ಕುದುರೆಯ ಹೆಗಲ ಮೇಲೆ ಹಸಿಗಾಯ ಕಂಡಿತು, ಅದರ ಮೇಲೇ ಬಟ್ಟೆ ಹಾಕಿ ಜೀನು ಕಟ್ಟುತ್ತಿದ್ದರು. ಸವಾರಿ ಬೇಡ ಎಂದೆ. ದುಡ್ಡು ವಾಪಸು ಬರಲಿಲ್ಲ. ಪರವಾಗಿಲ್ಲ, ಆ ದಿನ ಆ ಬೆನ್ನಿಗೆ ಒಂದು ಗಂಟೆಯ ಬಿಡುವಾದರೂ ಸಿಕ್ಕಿತು.

ಹತ್ತುವುದು, ಕೂರುವುದು

ಹಿಂದಿನಿಂದ ಹೋಗಬೇಡಿ. ಎಡಭುಜದ ಕಡೆಯಿಂದ, ಮಾತಾಡಿಕೊಂಡೇ ಹೋಗಿ. ಕನ್ನಡದಲ್ಲೇ ಮಾತಾಡಿ, ಕುದುರೆ ಕೇಳುವುದು ದನಿಯನ್ನು. ಅಂಗೈಯ ಹಿಂಭಾಗವನ್ನು ಮೂಗಿನ ಹತ್ತಿರ ಹಿಡಿದು ಮೂಸಲು ಬಿಡಿ. ಜೀನನ್ನು ಬಿಗಿಯುವ ಹೊಟ್ಟೆಪಟ್ಟಿಯೊಳಗೆ ಎರಡು ಬೆರಳು ಹೋಗುವಷ್ಟು ಬಿಗಿ ಇರಲಿ. ಕಟ್ಟುವಾಗ ಎಷ್ಟೋ ಕುದುರೆಗಳು ಹೊಟ್ಟೆ ಉಬ್ಬಿಸುತ್ತವೆ. ಹತ್ತು ಹೆಜ್ಜೆ ನಡೆಸಿ ಮತ್ತೊಮ್ಮೆ ನೋಡಿ, ಪಟ್ಟಿ ಸಡಿಲವಾಗಿರುತ್ತದೆ. ರಿಕಾಪಿನ ಉದ್ದ ನೋಡಲು ಬೆರಳ ತುದಿಯನ್ನು ಜೀನಿನಲ್ಲಿ ರಿಕಾಪಿನ ಪಟ್ಟಿ ಸಿಕ್ಕಿಸಿದ ಕಡೆ ಇಟ್ಟು ರಿಕಾಪನ್ನು ಕಂಕುಳಿಗೆ ಎಳೆಯಿರಿ, ಅಷ್ಟು ಬಂದರೆ ಸರಿ.

ಅಲ್ಲಿನ ಸಾಂಪ್ರದಾಯಿಕ ಜೀನು ನಮಗೆ ಅನುಕೂಲ. ಮುಂದೆ ಹಿಂದೆ ಎತ್ತರ, ತೊಟ್ಟಿಲಿನಲ್ಲಿ ಕೂತ ಹಾಗೆ. ರಿಕಾಪು ಮುಂದೆ ಮುಚ್ಚಿದ ಪೆಟ್ಟಿಗೆಯ ಹಾಗಿರುತ್ತದೆ. ಪಾದ ಒಳಗೆ ನುಗ್ಗಿ ಸಿಕ್ಕಿಕೊಳ್ಳುವುದಿಲ್ಲ, ಮುಳ್ಳುಗಿಡವೂ ತಾಗುವುದಿಲ್ಲ. ಹತ್ತುವಾಗ ಕಟ್ಟೆ ಬಳಸಿ. ನೆಲದಿಂದ ಜಗ್ಗಿ ಹತ್ತಿದರೆ ಇಡೀ ಭಾರ ಒಂದೇ ಕಡೆ ಬಿದ್ದು ಅದರ ಬೆನ್ನು ತಿರುಚುತ್ತದೆ. ಮೇಲೆ ಬಂದ ಮೇಲೆ ಧೊಪ್ ಎಂದು ಕೂರಬೇಡಿ. ಮೊಟ್ಟೆಯ ಮೇಲೆ ಕೂರುವ ಹಾಗೆ ಇಳಿಯಿರಿ.

ಪದ ನಾಲ್ಕು ಸಾಕು. ಪಾಸು ಎಂದರೆ ನಡಿಗೆ. ತ್ರೋತ್ ಎಂದರೆ ಕುಕ್ಕುಲೋಟ. ದೆವಗಾರ್ ಎಂದರೆ ಮೆಲ್ಲಗೆ. ಆಲ್ತು ಎಂದರೆ ನಿಲ್ಲು.

ನಾನು ಬಿದ್ದ ದಿನದ ಕಥೆ ಇಲ್ಲಿ ಹೇಳಲೇಬೇಕು. ಎರಡನೇ ತಿಂಗಳು ಮೇಸ್ತ್ರಿ ನನಗೆ ಹದಿನಾಲ್ಕು ವರ್ಷದ ಒಂದು ಬಿಳಿ ಲುಸಿತಾನೊ ಕೊಟ್ಟಿದ್ದರು. ಗದ್ದೆಬದಿಯಲ್ಲಿ ಹೋಗುವಾಗ ಒಂದು ಟ್ರ್ಯಾಕ್ಟರ್ ಬಂತು. ನನಗೆ ಹೆದರಿಕೆಯಾಗಿ ಎರಡು ಕಾಲಿನಿಂದ ಕುದುರೆಯ ಹೊಟ್ಟೆಯನ್ನು ಗಟ್ಟಿಯಾಗಿ ಅವುಚಿದೆ, ಲಗಾಮನ್ನೂ ಎಳೆದೆ. ಕಾಲು ಹೋಗು ಎನ್ನುತ್ತದೆ, ಕೈ ಬೇಡ ಎನ್ನುತ್ತದೆ. ಪಳಗಿದ ಲುಸಿತಾನೊಗೆ ಅದು ನಿಂತಲ್ಲೇ ಕುಣಿ ಎಂಬ ಆಜ್ಞೆ. ಅದು ಕುಣಿಯತೊಡಗಿತು. ನಾನು ಇನ್ನೂ ಬಿಗಿಯಾಗಿ ಅವುಚಿದೆ. ಅದು ಇನ್ನೂ ಎತ್ತರಕ್ಕೆ ಕಾಲೆತ್ತಿತು. ಕೊನೆಗೆ ಕೈ ಸೋತು ಲಗಾಮು ಬಿಟ್ಟೆ, ಅದು ಮುಂದಕ್ಕೆ ಹಾರಿತು, ನಾನು ಬಲಭುಜ ಕೊಟ್ಟು ಮರಳಿಗೆ ಬಿದ್ದೆ. ಕುದುರೆ ಇಪ್ಪತ್ತು ಹೆಜ್ಜೆ ಹೋಗಿ ನಿಂತು ತಿರುಗಿ ನನ್ನನ್ನು ನೋಡಿತು. ಮೇಸ್ತ್ರಿ ನನ್ನನ್ನು ಎಬ್ಬಿಸುವ ಮೊದಲು ಹೇಳಿದ್ದು, "ನೀನು ಹೇಳಿದ್ದನ್ನೇ ಅದು ಮಾಡಿದೆ" ಎಂದು. ಅಂದಿನಿಂದ ಹೆದರಿಕೆ ಆದಾಗ ಮೊದಲು ಉಸಿರು ಬಿಡುವುದನ್ನು ಕಲಿತೆ. ಉಸಿರು ಬಿಟ್ಟರೆ ತೊಡೆ ತಾನಾಗಿ ಸಡಿಲವಾಗುತ್ತದೆ. ಆಮೇಲೆ ಒಂದು ಲಗಾಮನ್ನು ಮಾತ್ರ ಮೆಲ್ಲಗೆ ಬದಿಗೆ ತೆಗೆದು ದೊಡ್ಡ ಸುತ್ತು ಹಾಕಿಸಿ. ಸುತ್ತು ಸಣ್ಣದಾದ ಹಾಗೆ ಕುದುರೆ ನಿಧಾನವಾಗುತ್ತದೆ.

ದಾರಿಯಲ್ಲಿ

ಮೊದಲ ಕಾಲು ಗಂಟೆ ನಡಿಗೆ ಮಾತ್ರ. ಮುಂದಿನ ಕುದುರೆಗೂ ನಿಮ್ಮದಕ್ಕೂ ನಡುವೆ ಒಂದು ಕುದುರೆಯಷ್ಟು ಜಾಗ ಬಿಡಿ, ಮೂಗು ಬಾಲಕ್ಕೆ ತಾಗಿದರೆ ಒದೆ ಬೀಳುತ್ತದೆ. ಏರಿನಲ್ಲಿ ಮುಂದಕ್ಕೆ ಬಾಗಿ, ಜೂಲು ಹಿಡಿಯಿರಿ, ಲಗಾಮು ಉದ್ದ ಬಿಡಿ. ಏರು ಹತ್ತುವಾಗ ಕುದುರೆಗೆ ಕುತ್ತಿಗೆಯೇ ಊರುಗೋಲು. ಇಳಿಜಾರಿನಲ್ಲಿ ನೇರ ಕೂತು ಭಾರವನ್ನು ಹಿಮ್ಮಡಿಗೆ ಬಿಡಿ. ಜಾರುವ ಇಳಿಜಾರಾದರೆ ಓರೆಯಾಗಿ ಇಳಿಸಬೇಡಿ, ನೇರ ಇಳಿಸಿ. ಓರೆ ಹೋದಾಗ ಕಾಲು ಜಾರಿದರೆ ಕುದುರೆ ಮಗ್ಗುಲಿಗೆ ಬೀಳುತ್ತದೆ, ನೇರ ಜಾರಿದರೆ ಹಿಂಗಾಲ ಮೇಲೆ ಕುಕ್ಕರಿಸಿ ಸಾವರಿಸಿಕೊಳ್ಳುತ್ತದೆ. ನಮ್ಮ ಪೊಸಡಿಗುಂಪೆ ಇಳಿಯುವಾಗ ನಾವೂ ಹೀಗೇ ಮಾಡುತ್ತೇವಲ್ಲ.

ನೀರು ದಾಟುವಾಗ ಕುದುರೆಗೆ ತಲೆ ತಗ್ಗಿಸಿ ನೋಡಲು ಸಮಯ ಕೊಡಿ. ಒಳಗೆ ಹೋದ ಮೇಲೆ ಮುಂಗಾಲಿನಿಂದ ನೀರು ಕೆರೆಯಲು ಶುರು ಮಾಡಿದರೆ ಮಾತ್ರ ಕಾಯಬೇಡಿ. ಅದು ಮಲಗಿ ಹೊರಳಾಡುವ ಸೂಚನೆ. ಕಾಲು ಒತ್ತಿ ಕೂಡಲೇ ಮುಂದೆ ನಡೆಸಿ.

ದಕ್ಷಿಣದ ಅಲೆಂತೆಜೊ ಸೀಮೆ ಕಡೆ ಹೋದರೆ ಬಿರಡೆ ಮರದ ತೋಪಿನಲ್ಲಿ ಸವಾರಿ ಇರುತ್ತದೆ, ಬಾಟಲಿಯ ಬಿರಡೆ ಮಾಡುವುದು ಈ ಮರದ ತೊಗಟೆಯಿಂದ. ಒಂದು ಮರದ ಹತ್ತಿರ ಕುದುರೆ ನಿಲ್ಲಿಸಿ ನೋಡಿ. ತೊಗಟೆ ಸುಲಿದ ಕಾಂಡ ನಮ್ಮ ಕೆಮ್ಮಣ್ಣಿನ ಬಣ್ಣ. ಅದರ ಮೇಲೆ ಬಿಳಿ ಬಣ್ಣದಲ್ಲಿ ಒಂದು ಅಂಕಿ ಇರುತ್ತದೆ. 4 ಎಂದು ಇದ್ದರೆ 2024ರಲ್ಲಿ ಸುಲಿದದ್ದು. ಸುಲಿದ ಮೇಲೆ ಒಂಬತ್ತು ವರ್ಷ ಆ ಮರವನ್ನು ಯಾರೂ ಮುಟ್ಟುವ ಹಾಗಿಲ್ಲ. ರಬ್ಬರ್ ಟ್ಯಾಪಿಂಗ್ ಮಾಡಿ ಗೊತ್ತಿರುವ ನನಗೆ ಆ ತಾಳ್ಮೆ ತುಂಬ ದೊಡ್ಡದು ಅನಿಸಿತು. ಕೊಂಬೆಗಳು ತಗ್ಗಿನಲ್ಲಿರುತ್ತವೆ. ಹಿಂದಕ್ಕೆ ವಾಲಬೇಡಿ, ಮುಂದಕ್ಕೆ ಬಾಗಿ ಕುದುರೆಯ ಕುತ್ತಿಗೆಯ ಪಕ್ಕ ತಲೆ ಇಡಿ.

ಬೇಲಿಯ ಗೇಟು ಹೇಗಿತ್ತೋ ಹಾಗೇ ಬಿಡಿ. ಕಾದಾಟದ ಗೂಳಿಗಳ ಬಯಲಿಗೆ ಯಾವ ಕಾರಣಕ್ಕೂ ಕಾಲಿಡಬೇಡಿ. ಕುರಿಮಂದೆಯ ಜೊತೆ ದೊಡ್ಡ ಕಾವಲು ನಾಯಿ ಕಂಡರೆ ಓಟ ನಿಲ್ಲಿಸಿ, ನಡಿಗೆಯಲ್ಲಿ ದೂರದಿಂದ ಸುತ್ತಿ ಹೋಗಿ. ಬೆಟ್ಟದ ಗರ್ರಾನೊ ಹಿಂಡಿಗೆ ಬಿಸ್ಕತ್ತು ಕೊಡಲು ಹೋಗಬೇಡಿ, ಮರಿ ಇರುವ ತಾಯಿ ಒದೆಯುತ್ತಾಳೆ. ಡಾಂಬರು ರಸ್ತೆಗೆ ಬಂದಾಗ ಬಲಬದಿ ಹಿಡಿಯಿರಿ. ಅಲ್ಲಿ ವಾಹನ ಬಲಕ್ಕೆ ಓಡುವುದು, ನಮ್ಮ ಕೈ ರೂಢಿಯಂತೆ ಎಡಕ್ಕೇ ಎಳೆಯುತ್ತದೆ.

ಕಾಲ ಹೇಳುವುದಾದರೆ ಮಾರ್ಚಿನಿಂದ ಮೇ ತನಕ ಚೆನ್ನ, ನೆಲ ತುಂಬ ಹೂವು. ಜುಲೈ, ಆಗಸ್ಟಿನಲ್ಲಿ ಅಲೆಂತೆಜೊ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಬೆಳಿಗ್ಗೆ ಆರಕ್ಕೆ ಹೊರಟು ಒಂಬತ್ತಕ್ಕೆ ಲಾಯ ಸೇರಬೇಕು. ನವೆಂಬರಿನಲ್ಲಿ ಇದ್ದರೆ ಗೊಲೆಗಾ ಊರಿನ ಕುದುರೆ ಜಾತ್ರೆ ತಪ್ಪಿಸಬೇಡಿ. 11ನೇ ತಾರೀಕಿನ ಸಂತ ಮಾರ್ಟಿನ್ ಹಬ್ಬದ ಆಸುಪಾಸು ನಡೆಯುತ್ತದೆ. ಸುಟ್ಟ ಚೆಸ್ಟ್‌ನಟ್ ವಾಸನೆ, ಮರಳಿನ ಅಂಗಳದಲ್ಲಿ ಸಾಲು ಸಾಲು ಲುಸಿತಾನೊ. ನಮ್ಮ ಕಡೆ ಕಂಬಳಕ್ಕೆ ಕೋಣಗಳನ್ನು ಎಣ್ಣೆ ಹಚ್ಚಿ ಕರೆತರುತ್ತಾರಲ್ಲ, ಅದೇ ಪ್ರೀತಿ ಅಲ್ಲಿ ಕುದುರೆಯ ಜೂಲು ಹೆಣೆದ ಕೈಯಲ್ಲಿ ಕಾಣುತ್ತದೆ.

ವಾಪಸು ಬರುವಾಗ

ಮನೆ ಕಡೆ ಮುಖ ಮಾಡಿದ ಕುದುರೆ ತಾನೇ ಬೇಗ ಹೆಜ್ಜೆ ಹಾಕುತ್ತದೆ. ಓಡಲು ಬಿಡಬೇಡಿ. ಕೊನೆಯ ಕಾಲು ಗಂಟೆ ನಡಿಗೆಯಲ್ಲೇ ತನ್ನಿ, ಮೈಯ ಬಿಸಿ ದಾರಿಯಲ್ಲೇ ಇಳಿಯಲಿ. ಇಳಿಯುವಾಗ ಎರಡೂ ಪಾದವನ್ನು ರಿಕಾಪಿನಿಂದ ತೆಗೆದು ಇಳಿಯಿರಿ. ಹೊಟ್ಟೆಪಟ್ಟಿ ಒಂದು ತೂತು ಸಡಿಲಿಸಿ.

ಜೀನು ತೆಗೆಯುವುದನ್ನು ಲಾಯದವರಿಗೆ ಬಿಟ್ಟು ಹೋಗಬೇಡಿ, ಪಕ್ಕದಲ್ಲಿ ನಿಲ್ಲಿ. ನಮ್ಮ ಮೇಸ್ತ್ರಿ ಸವಾರರನ್ನು ಹೇಗಾಯಿತು ಎಂದು ಕೇಳುತ್ತಿರಲಿಲ್ಲ. ಜೀನು ಎತ್ತಿ ಕುದುರೆಯ ಬೆನ್ನು ನೋಡುತ್ತಿದ್ದರು. ಬೆವರಿನ ಗುರುತು ಬೆನ್ನುಮೂಳೆಯ ಎರಡೂ ಕಡೆ ಒಂದೇ ಸಮ ಒದ್ದೆ ಇದ್ದರೆ ತಲೆ ಆಡಿಸುವರು. ಒದ್ದೆಯ ನಡುವೆ ಅಂಗೈಯಗಲ ಒಣಗಿದ ಜಾಗ ಇದ್ದರೆ ಅಲ್ಲಿ ಬೆರಳು ಇಟ್ಟು ನಮ್ಮನ್ನು ಕರೆಯುವರು. ಅಲ್ಲಿ ಜೀನು ಒತ್ತಿದೆ, ಅಥವಾ ನಾವು ಆ ಕಡೆಗೆ ವಾಲಿ ಕೂತಿದ್ದೇವೆ ಎಂದು ಅದರ ಅರ್ಥ. ನನ್ನ ಬಲಗಡೆ ಒಣಗುರುತು ಹೋಗಲು ಎಂಟು ತಿಂಗಳು ಬೇಕಾಯಿತು. ನೀವೂ ನೋಡಿಕೊಳ್ಳಿ. ಆಮೇಲೆ ಹುಲ್ಲಿನ ಹಿಡಿಯಿಂದ ಬೆನ್ನು ಉಜ್ಜಿ, ಬಾಲ್ದಿಯಲ್ಲಿ ನೀರು ತಂದು ಮುಂದೆ ಇಡಿ.